ಅಜ್ಜಿಯ ಬ್ಯಾಟ್ರಿ, ನನ್ನ ಸೆಲ್ಲು

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿಯೋದರೊಳಗೆ ಇನ್ನೊಂದು... ಅದೇ ಹಳೇ ಕಾರಣ, ನಿಮಗೆಲ್ಲ ಗೊತ್ತಿರುವುದೇ. ಇವತ್ತು ಬರೆಯಲು ಕೂತಿರುವುದು ಒಂದು ಪುಟ್ಟ ಟಾರ್ಚಿನ ಬಗ್ಗೆ. ನಗಬೇಡಿ. ಎರಡು ಪೆನ್ಸಿಲ್ ಸೆಲ್ಲಿನ ಈ ಟಾರ್ಚು ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದೆ. ಜೊತೆಗೆ ನೂರೈವತ್ತು ವರ್ಷದ ಇತಿಹಾಸವನ್ನೂ ಓದಿಸಿದೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಲ್ಲಿ ಟಾರ್ಚಿಗೆ ಟಾರ್ಚು ಅನ್ನುವವರು ಕಡಿಮೆ. ಅದು 'ಬ್ಯಾಟ್ರಿ'. ಅದರೊಳಗೆ ಹಾಕುವುದು 'ಸೆಲ್ಲು'. "ಕತ್ಲೆ ಆಯ್ತು, ಬ್ಯಾಟ್ರಿ ತಗಂಡು ಹೋಗು" ಅಂತಲೇ ಹೇಳುವುದು. ಇಂಜಿನಿಯರಿಂಗ್ ಸೇರಿದ ಹೊಸತರಲ್ಲಿ ನಾನು ಅಜ್ಜಿಯನ್ನು ತಿದ್ದಲು ಹೋಗಿದ್ದೆ. "ಅಜ್ಜಿ, ಸೆಲ್ಲುಗಳನ್ನ ಜೋಡಿಸಿದ್ರೆ ಅದು ಬ್ಯಾಟರಿ. ಇದು ಟಾರ್ಚು." ಅಜ್ಜಿ ಟಾರ್ಚನ್ನು ಒಮ್ಮೆ ನೋಡಿ, "ಹೆಸರು ಬದಲಾಯಿಸಿದ್ರೆ ಬೆಳಕು ಜಾಸ್ತಿ ಬರುತ್ತೇನೋ?" ಅಂದಿದ್ದರು. ಅಲ್ಲಿಗೆ ನನ್ನ ಪಾಠ ಮುಗಿದಿತ್ತು.

ಮಲೆನಾಡಿನ ಮಳೆಗಾಲ ಗೊತ್ತಲ್ಲ, ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ. ಹಾಗಾಗಿ ಅಜ್ಜಿಯ ತಲೆದಿಂಬಿನ ಪಕ್ಕ ಆ ಪುಟ್ಟ ಟಾರ್ಚು ಇದ್ದೇ ಇರಬೇಕು. ಸೆಲ್ಲು ಖಾಲಿಯಾದರೆ ಮಾವ ಪೇಟೆಯಿಂದ ತರುತ್ತಿದ್ದರು. ಒಮ್ಮೊಮ್ಮೆ ಸೆಲ್ಲು ಸೋರಿ, ಟಾರ್ಚಿನ ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಹೋದಾಗ ಇದನ್ನೆಲ್ಲ ನೋಡಿ ನನಗೆ ಉತ್ಸಾಹ ಬಂತು. ಚಾರ್ಜರ್ ಒಂದು, ರೀಚಾರ್ಜ್ ಆಗುವ ಸೆಲ್ಲು ನಾಲ್ಕು ಕೊಂಡು ಹೋಗಿ, ಎರಡನ್ನು ಪೂರ್ತಿ ಚಾರ್ಜ್ ಮಾಡಿ ಟಾರ್ಚಿಗೆ ಹಾಕಿದೆ. "ಇನ್ನು ಸೆಲ್ಲು ಕೊಳ್ಳೋದೇ ಬೇಡ ಅಜ್ಜಿ, ನೂರಾರು ಸಲ ಚಾರ್ಜ್ ಮಾಡಬಹುದು" ಅಂತ ಭಾಷಣವನ್ನೂ ಬಿಗಿದು ಬಂದೆ.

ಜುಲೈ ಕೊನೆಯ ವಾರ ಮಾವನ ಫೋನು. ರಾತ್ರಿ ಎರಡು ಗಂಟೆಗೆ ಕೊಟ್ಟಿಗೆಯಲ್ಲಿ ಕರು ಒಂದೇ ಸಮನೆ ಕೂಗಿದೆ. ಕರೆಂಟಿಲ್ಲ, ಮಳೆ. ಅಜ್ಜಿ ಯಾರನ್ನೂ ಎಬ್ಬಿಸದೆ ಟಾರ್ಚು ಹಿಡಿದು ಹೊರಟಿದ್ದಾರೆ. ಅಂಗಳ ಮುಟ್ಟುವ ತನಕ ಬೆಳಕಿತ್ತಂತೆ. ಕೊಟ್ಟಿಗೆಯ ಮೆಟ್ಟಿಲ ಹತ್ತಿರ ಒಮ್ಮೆಲೇ ಆರಿಹೋಗಿದೆ. ಪಾಚಿ ಕಟ್ಟಿದ ಕಲ್ಲು. ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದಿದೆ.

"ಎಂತ ಸೆಲ್ಲೋ ಮಾರಾಯ ನೀನು ಕೊಟ್ಟಿದ್ದು" ಅಂದರು ಮಾವ, ಅಷ್ಟೇ. ಊರಿಗೆ ಹೋದಾಗ ಅಜ್ಜಿ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಸೆಲ್ಲಿಂದೆಂತ ತಪ್ಪೋ, ನಾನೇ ನೋಡ್ಕಂಡು ಕಾಲಿಡಬೇಕಿತ್ತು" ಅಂದರು. ನೋಡಿಕೊಂಡು ಅಂದರೆ, ಯಾವ ಬೆಳಕಿನಲ್ಲಿ? ನನಗೆ ಉತ್ತರ ಕೊಡಲಾಗಲಿಲ್ಲ.

ಬೆಂಗಳೂರಿಗೆ ವಾಪಸ್ ಬರುವಾಗ ಟಾರ್ಚು, ಸೆಲ್ಲು, ಚಾರ್ಜರ್ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡೆ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡು ಸಾಫ್ಟ್‌ವೇರು. ಅಟ್ಟದ ಮೇಲಿದ್ದ ಮಲ್ಟಿಮೀಟರಿನ ಧೂಳು ಒರೆಸಿದೆ.

ಮೊದಲ ಅನುಮಾನ ಯಾರಿಗಾದರೂ ಬರುವಂಥದ್ದೇ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಲ್ಲು 1.5 ವೋಲ್ಟು. ರೀಚಾರ್ಜ್ ಸೆಲ್ಲಿನ ಮೇಲೆ ಬರೆದಿರುವುದು 1.2 ವೋಲ್ಟು. ಎರಡು ಸೇರಿದರೆ 3ರ ಬದಲು 2.4. ಐದರಲ್ಲಿ ಒಂದು ಪಾಲು ತಾನೇ ಕಡಿಮೆ ಅಂತೀರಾ? ತಂತಿ ಬಲ್ಬಿನ ಲೆಕ್ಕ ಹಾಗಿಲ್ಲ. ಅದರ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜು ಶೇಕಡಾ 20 ಇಳಿದರೆ ಬೆಳಕು ಅರ್ಧಕ್ಕಿಂತ ಕಡಿಮೆ! ಕಳ್ಳ ಸಿಕ್ಕ ಅಂದುಕೊಂಡೆ.

ಆದರೆ ಬಲ್ಬನ್ನು ಬಿಚ್ಚಿ, ಅದರ ಹಿತ್ತಾಳೆ ಕುತ್ತಿಗೆಯ ಮೇಲಿನ ಅಕ್ಷರ ಓದಿದಾಗ ಗೊಂದಲವಾಯ್ತು. 2.5 ವೋಲ್ಟ್, 0.3 ಆಂಪಿಯರ್ ಅಂತ ಕೊರೆದಿತ್ತು. ಎರಡು ಸೆಲ್ಲಿಗೆ 3 ವೋಲ್ಟು ತಾನೇ? ಹಾಗಿದ್ದರೆ ಬಲ್ಬು ಮಾಡಿದವನು 2.5 ಅಂತ ಯಾಕೆ ಮಾಡಿದ? ಇದಕ್ಕೆ ಉತ್ತರ ಹುಡುಕುತ್ತಾ ಹೋಗಿ ನಾನು ತಲುಪಿದ್ದು ಹತ್ತೊಂಬತ್ತನೇ ಶತಮಾನಕ್ಕೆ.

ನಮ್ಮ ಮಾಮೂಲಿ ಸೆಲ್ಲಿನ ಮುತ್ತಜ್ಜನನ್ನು ಮಾಡಿದ್ದು ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ, 1866ರಲ್ಲಿ. ಒಂದು ಗಾಜಿನ ಜಾಡಿ, ಅದರೊಳಗೆ ನವಸಾಗರದ ನೀರು, ಒಂದು ಕಡೆ ಸತುವಿನ ಕಡ್ಡಿ, ಇನ್ನೊಂದು ಕಡೆ ಇಂಗಾಲದ ಜೊತೆ ಮ್ಯಾಂಗನೀಸ್ ಡಯಾಕ್ಸೈಡ್. ಇವೆರಡರ ನಡುವೆ ಸುಮಾರು ಒಂದೂವರೆ ವೋಲ್ಟು. ಈ ಒಂದೂವರೆಯನ್ನು ಯಾವ ಸಮಿತಿಯೂ ಕೂತು ತೀರ್ಮಾನಿಸಿದ್ದಲ್ಲ. ಅದು ಸತು ಮತ್ತು ಮ್ಯಾಂಗನೀಸಿನ ಹುಟ್ಟುಗುಣ. ಟೆಲಿಗ್ರಾಫಿಗೆ, ಕರೆಗಂಟೆಗೆ ಈ ಸೆಲ್ಲು ಹೇಳಿ ಮಾಡಿಸಿದ ಹಾಗಿತ್ತು. ಯಾಕೆಂದರೆ ಇದಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಒಂದೇ ಸಮನೆ ದುಡಿಸಿದರೆ ಸುಸ್ತಾಗಿ ವೋಲ್ಟೇಜು ಕುಸಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಚಿಕ್ಕವರಿದ್ದಾಗ ಸತ್ತ ಸೆಲ್ಲನ್ನು ಬಿಸಿಲಿಗಿಟ್ಟು ರೇಡಿಯೋಗೆ ಮತ್ತೆ ಹಾಕಿ ಇನ್ನೊಂದು ಚಿತ್ರಗೀತೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ :-)

ಜಾಡಿ ಓರೆಯಾದರೆ ನೀರು ಚೆಲ್ಲುತ್ತದಲ್ಲ, ಅದಕ್ಕೆ ಪರಿಹಾರ ಕಂಡುಕೊಂಡಿದ್ದು ಜರ್ಮನಿಯ ಕಾರ್ಲ್ ಗಾಸ್ನರ್. 1886ರಲ್ಲಿ ಆ ದ್ರವವನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿ ಗಟ್ಟಿ ಮಾಡಿದ, ಸತುವನ್ನೇ ಡಬ್ಬಿಯಾಗಿಸಿ ಅದರೊಳಗೆ ತುಂಬಿದ. ಇದೇ 'ಡ್ರೈ' ಸೆಲ್ಲು. ಸೆಲ್ಲು ಯಾಕೆ ಸೋರುತ್ತದೆ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಡಬ್ಬಿಯೇ ಇಂಧನ. ಸೆಲ್ಲು ಖರ್ಚಾಗುತ್ತಾ ಡಬ್ಬಿಯೂ ಕರಗುತ್ತಾ ಹೋಗುತ್ತದೆ!

ಈ ಸೆಲ್ಲನ್ನು ಒಂದರ ಹಿಂದೊಂದು ಕೊಳವೆಯೊಳಗೆ ಮಲಗಿಸಿ, ಮುಂದೆ ಬಲ್ಬು, ಬಲ್ಬಿನ ಹಿಂದೆ ಪ್ರತಿಫಲಕ ಇಟ್ಟವನು ಡೇವಿಡ್ ಮಿಸೆಲ್. ಅಮೆರಿಕದಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು 1899ರ ಜನವರಿ 10ರಂದು, ನಂಬರು 617592. ಆ ಪೇಟೆಂಟು ಸೇರಿದ್ದು ಕಾನ್ರಾಡ್ ಹ್ಯೂಬರ್ಟ್ ಎಂಬ ವ್ಯಾಪಾರಿಯ ಕಂಪನಿಗೆ. ಹ್ಯೂಬರ್ಟ್ ರಷ್ಯಾ ಸಾಮ್ರಾಜ್ಯದ ಮಿನ್ಸ್ಕ್ ಕಡೆಯಿಂದ ನ್ಯೂಯಾರ್ಕಿಗೆ ವಲಸೆ ಬಂದಿದ್ದವನು. ಮೊದಲ ಟಾರ್ಚುಗಳಲ್ಲಿ ಕೆಲವನ್ನು ನ್ಯೂಯಾರ್ಕಿನ ಪೊಲೀಸರಿಗೆ ಕೊಟ್ಟು ನೋಡಿದ, ಅವರಿಗೆ ಹಿಡಿಸಿತು. ಆಗಿನ ಬಲ್ಬಿನಲ್ಲಿ ಇಂಗಾಲದ ತಂತಿ, ಕರೆಂಟು ಕುಡಿಯುವುದು ಹೆಚ್ಚು, ಕೊಡುವ ಬೆಳಕು ಕಡಿಮೆ. ಸೆಲ್ಲೂ ಬೇಗ ಸುಸ್ತಾಗುತ್ತಿತ್ತು. ಹಾಗಾಗಿ ಮಿಂಚಿನ ಹಾಗೆ ಒಮ್ಮೆ ಹೊತ್ತಿಸಿ ಆರಿಸಬೇಕು, ಮತ್ತೆ ಸ್ವಲ್ಪ ತಡೆದು ಹೊತ್ತಿಸಬೇಕು. ಅಮೆರಿಕನ್ನರು ಅದನ್ನು 'ಫ್ಲ್ಯಾಶ್‌ಲೈಟ್' ಅಂತ ಕರೆದದ್ದು ಅದಕ್ಕೇ. ಮುಂದೆ ಟಂಗ್‌ಸ್ಟನ್ ತಂತಿ ಬಂದ ಮೇಲೆಯೇ ಅದು ನಿಂತು ಬೆಳಗತೊಡಗಿದ್ದು.

ಹ್ಯೂಬರ್ಟ್ ತನ್ನ ಸರಕಿಗೆ ಇಟ್ಟ ಹೆಸರು ಗಮನಿಸಿ: ಎವರ್ ರೆಡಿ. ಅಂದರೆ ಯಾವಾಗಲೂ ಸಿದ್ಧ. ಪ್ರಖರ ಬೆಳಕು ಅಂತಲ್ಲ, ದೀರ್ಘ ಬಾಳಿಕೆ ಅಂತಲ್ಲ, ಬರೀ 'ಸಿದ್ಧ'. ಈ ಹೆಸರಿಗೆ ಆಮೇಲೆ ಬರುತ್ತೇನೆ.

ನಮ್ಮ ದೇಶದ ಕಥೆಯೂ ಇದೇ ಎಳೆಯಲ್ಲಿದೆ. ಸೆಲ್ಲು ಮಾಡುತ್ತಿದ್ದ ನ್ಯಾಷನಲ್ ಕಾರ್ಬನ್ ಕಂಪನಿ 1914ರ ಹೊತ್ತಿಗೆ ಹ್ಯೂಬರ್ಟನ ಕಂಪನಿಯನ್ನು ಪೂರ್ತಿ ತನ್ನದಾಗಿಸಿಕೊಂಡಿತು. 1917ರಲ್ಲಿ ನ್ಯಾಷನಲ್ ಕಾರ್ಬನ್ ಹೋಗಿ ಯೂನಿಯನ್ ಕಾರ್ಬೈಡ್ ಸೇರಿತು. 1934ರಲ್ಲಿ ಶುರುವಾದ ಅದರ ಭಾರತದ ಕಂಪನಿಯೇ ನಮ್ಮ ಹಳ್ಳಿ ಹಳ್ಳಿಗೆ ಕೆಂಪು ಸೆಲ್ಲು ಮುಟ್ಟಿಸಿದ್ದು. ಹೌದು, 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯಾವ ಕಂಪನಿಯ ಕಾರ್ಖಾನೆಯಿಂದ ವಿಷಾನಿಲ ಸೋರಿತೋ ಅದೇ ಯೂನಿಯನ್ ಕಾರ್ಬೈಡ್ ಇಂಡಿಯಾ. 1994ರಲ್ಲಿ ಅಮೆರಿಕದ ಕಂಪನಿ ತನ್ನ ಪಾಲನ್ನು ಮಾರಿ ಹೋಯಿತು, ಆಮೇಲೆ ಅದು ಎವರೆಡಿ ಇಂಡಸ್ಟ್ರೀಸ್ ಆಯಿತು. ಎಷ್ಟೋ ಮನೆಗಳ ಕತ್ತಲೆ ಓಡಿಸಿದ ವಸ್ತುವಿನ ಹಿಂದೆ ಇಂಥ ಒಂದು ರಾತ್ರಿಯೂ ಇದೆ ಅನ್ನುವುದನ್ನು ಮರೆಯಬಾರದು ಅನ್ನಿಸಿತು.

ಈಗ ಆ 2.5 ವೋಲ್ಟಿನ ಗುಟ್ಟು. ಹೊಸ ಮಾಮೂಲಿ ಸೆಲ್ಲು ಎರಡನ್ನು ಟಾರ್ಚಿಗೆ ಹಾಕಿ, ಬಲ್ಬು ಉರಿಯುತ್ತಿರುವಾಗಲೇ ಅಳೆದೆ. ಹೊತ್ತಿಸಿದ ಕ್ಷಣ 2.8 ಇತ್ತು. ಕಾಲು ಗಂಟೆಗೆ 2.4ಕ್ಕೆ ಇಳಿಯಿತು. ಒಂದು ಗಂಟೆಗೆ 2ಕ್ಕಿಂತ ಕೆಳಗೆ. ಅಂದರೆ 3 ವೋಲ್ಟು ಅನ್ನುವುದು ಕೆಲಸ ಮಾಡದೆ ಸುಮ್ಮನೆ ಕೂತ ಸೆಲ್ಲಿನ ವೋಲ್ಟೇಜು! ದುಡಿಯುವಾಗ ಅದು ಅಷ್ಟು ಕೊಡುವುದೇ ಇಲ್ಲ. ಬಲ್ಬು ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎರಡು ಸೆಲ್ಲಿಗೆ 2.5, ಮೂರು ಸೆಲ್ಲಿಗೆ 3.8 ವೋಲ್ಟಿನ ಬಲ್ಬು ಮಾಡಿದರು. ಲೆಕ್ಕ ಹಾಕಿ ನೋಡಿ, ಸೆಲ್ಲೊಂದಕ್ಕೆ ಹತ್ತಿರ ಹತ್ತಿರ 1.25. ರೀಚಾರ್ಜ್ ಸೆಲ್ಲು ಕೊಡುವುದೂ ಅಷ್ಟೇ ತಾನೇ? ನನ್ನ ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡಿ ಅಳೆದೆ. ಶುರುವಿನಲ್ಲಿ 2.6, ಆಮೇಲೆ ಗಂಟೆಗಟ್ಟಲೆ 2.4ರ ಆಸುಪಾಸಿನಲ್ಲಿ ಗಟ್ಟಿಯಾಗಿ ನಿಂತಿತು. ಆರು ಗಂಟೆ ಉರಿಯಿತು. ಮಾಮೂಲಿ ಸೆಲ್ಲಿಗಿಂತ ಎಷ್ಟೋ ವಾಸಿ!

ಅಂದರೆ ವೋಲ್ಟೇಜು ನಿರಪರಾಧಿ. ಸ್ಪ್ರಿಂಗಿನ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿ ನೋಡಿದೆ. ಸೆಲ್ಲಿನ ಮೂಗು ಗಿಡ್ಡವಾಗಿ ಒಳಗೆ ತಾಗುತ್ತಿಲ್ಲವೇನೋ ಅಂತಲೂ ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಮತ್ತೆ ಅಜ್ಜಿಯ ಕೈಯಲ್ಲಿ ಯಾಕೆ ಆರಿತು?

ತಲೆಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು, ಅಕ್ಷರಶಃ. ಪೂರ್ತಿ ಚಾರ್ಜ್ ಮಾಡಿದ ಅದೇ ಸೆಲ್ಲುಗಳನ್ನು ಕಪಾಟಿನಲ್ಲಿಟ್ಟು ಮರೆತಿದ್ದೆ. ತಿಂಗಳು ಕಳೆದು ಟಾರ್ಚಿಗೆ ಹಾಕಿದರೆ ಉರಿದದ್ದು ನಾಲ್ಕೂವರೆ ಗಂಟೆ. ಯಾರೂ ಮುಟ್ಟಿಲ್ಲ, ಕಾಲು ಭಾಗ ಮಾಯ! ನಾನು ಅಜ್ಜಿಗೆ ಕೊಟ್ಟಿದ್ದು ಮೇ ತಿಂಗಳಲ್ಲಿ. ಆಗ ಕರೆಂಟಿತ್ತು, ಟಾರ್ಚಿಗೆ ಕೆಲಸವಿರಲಿಲ್ಲ, ಹಾಗಾಗಿ ಚಾರ್ಜ್ ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಬೇಸಿಗೆಯ ಸೆಕೆಯಲ್ಲಿ ಈ ಸೋರಿಕೆ ಇನ್ನೂ ಜಾಸ್ತಿ. ಜುಲೈ ಹೊತ್ತಿಗೆ ದಿಂಬಿನ ಪಕ್ಕದಲ್ಲೇ ಮಲಗಿ ಮಲಗಿ ಸೆಲ್ಲು ಬರಿದಾಗಿತ್ತು.

ಇಲ್ಲಿಂದ ಎರಡನೇ ಇತಿಹಾಸ. ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲು ಹೊಸದು ಅಂದುಕೊಂಡಿದ್ದೆ. ಅಲ್ಲವಂತೆ. ಫ್ರಾನ್ಸಿನವನೇ ಆದ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಆಮ್ಲದಿಂದ ಅಂಥದ್ದನ್ನು 1859ರಲ್ಲೇ ಮಾಡಿದ್ದ, ಲೆಕ್ಲಾಂಶೆಗಿಂತ ಏಳು ವರ್ಷ ಮೊದಲು. ನಮ್ಮ ಕಾರು, ಬಸ್ಸುಗಳ ಬ್ಯಾಟರಿ ಅದರದೇ ವಂಶ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಸೆಲ್ಲು ಮಾಡಿದ್ದು ಯಾವಾಗ ಗೊತ್ತಾ? 1899ರಲ್ಲಿ. ಟಾರ್ಚಿಗೆ ಪೇಟೆಂಟ್ ಸಿಕ್ಕ ವರ್ಷವೇ! ಇದರ 1.2 ವೋಲ್ಟೂ ಹುಟ್ಟುಗುಣವೇ, ನಿಕಲ್ ಮತ್ತು ಕ್ಯಾಡ್ಮಿಯಂ ಜೋಡಿ ಕೊಡುವುದು ಅಷ್ಟು. ಆದರೆ ಒಂದೇ ವರ್ಷ ಹುಟ್ಟಿದ ಈ ಇಬ್ಬರೂ ಜೊತೆಗೂಡಲು ಅರ್ಧ ಶತಮಾನ ಹಿಡಿಯಿತು. ಚಾರ್ಜ್ ಮಾಡುವಾಗ ಒಳಗೆ ಅನಿಲ ಹುಟ್ಟುತ್ತಿತ್ತು. ಬಾಯಿ ಮುಚ್ಚುವಂತಿಲ್ಲ, ಆಗಾಗ ನೀರು ಹಾಕುತ್ತಿರಬೇಕು. 1947ರಲ್ಲಿ ಜಾರ್ಜ್ ನಾಯ್ಮನ್ ಆ ಅನಿಲವನ್ನು ಸೆಲ್ಲಿನೊಳಗೇ ಹೀರಿಕೊಳ್ಳುವಂತೆ ಮಾಡಿದ ಮೇಲೆಯೇ ಪೂರ್ತಿ ಮುಚ್ಚಿದ ಪುಟ್ಟ ಸೆಲ್ಲು ಸಾಧ್ಯವಾಯಿತು.

ಹಾಗಂತ ಅಷ್ಟು ವರ್ಷ ರೀಚಾರ್ಜ್ ದೀಪವೇ ಇರಲಿಲ್ಲ ಅಂತಲ್ಲ. ಇತ್ತು, ಗಣಿಗಳಲ್ಲಿ. ಎಡಿಸನ್ ತನ್ನ ನಿಕಲ್-ಕಬ್ಬಿಣದ ಬ್ಯಾಟರಿಯಿಂದ ಗಣಿ ಕಾರ್ಮಿಕರ ಟೋಪಿ ದೀಪ ಮಾಡಿದ್ದು 1914ರಲ್ಲಿ. ಬ್ಯಾಟರಿ ಸೊಂಟಕ್ಕೆ, ದೀಪ ಟೋಪಿಗೆ. ಬೆಂಕಿಯ ದೀಪ ಹಿಡಿದು ಇಳಿದು ಗಣಿಯ ಅನಿಲಕ್ಕೆ ಕಿಡಿ ತಗುಲಿ ಸಾಯುವುದನ್ನು ತಪ್ಪಿಸಿದ ದೀಪ ಅದು. ಎಡಿಸನ್ ಬ್ಯಾಟರಿಗೂ ತಾನಾಗಿ ಖಾಲಿಯಾಗುವ ಚಾಳಿ ಇತ್ತು, ಅದೂ ಜೋರಾಗಿಯೇ. ಆದರೆ ಗಣಿಯಲ್ಲಿ ಅದು ಲೆಕ್ಕಕ್ಕೇ ಬರಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದವನು ದೀಪವನ್ನು ಚಾರ್ಜಿಗೆ ಹಾಕುತ್ತಾನೆ, ಮರುದಿನ ಹೊಸದಾಗಿ ತುಂಬಿದ್ದನ್ನು ತೊಟ್ಟು ಇಳಿಯುತ್ತಾನೆ. ಒಂದು ರಾತ್ರಿಯಲ್ಲಿ ಎಷ್ಟು ತಾನೇ ಸೋರೀತು?

ನನ್ನ ತಪ್ಪು ಅರ್ಥವಾಗಿದ್ದು ಇದನ್ನು ಓದಿದಾಗ. ದಿನಾ ದುಡಿಯುವ ದೀಪ ಬೇರೆ, ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ಅಪರಾತ್ರಿಯಲ್ಲಿ ಬೇಕಾಗುವ ದೀಪ ಬೇರೆ. ಅಜ್ಜಿಯ ಟಾರ್ಚಿನ ನಿಜವಾದ ಕೆಲಸ ಬೆಳಗುವುದಲ್ಲ, ಕಾಯುವುದು. ಕನ್ನಡದಲ್ಲಿ ಆ ಪದಕ್ಕೆ ಎರಡೂ ಅರ್ಥ ಇದೆ ನೋಡಿ, ಈ ಕೆಲಸಕ್ಕೆ ಎರಡೂ ಸರಿಹೊಂದುತ್ತದೆ. ಬಡಪಾಯಿ ಲೆಕ್ಲಾಂಶೆ ಸೆಲ್ಲು ಬೇಗ ಸುಸ್ತಾಗುತ್ತದೆ, ಸೋರುತ್ತದೆ, ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ವರ್ಷ ಕಳೆದರೂ ತನ್ನೊಳಗಿನದನ್ನು ಬಹುಪಾಲು ಉಳಿಸಿಕೊಂಡು ಕಾಯುತ್ತದೆ. ಹ್ಯೂಬರ್ಟ್ ಇಟ್ಟ ಹೆಸರಿನ ಗುಟ್ಟು ಇಷ್ಟೇ.

ಇನ್ನೊಂದು ಸಂಗತಿ. ಮಾಮೂಲಿ ಸೆಲ್ಲು ಸಾಯುವ ಮೊದಲು ಹೇಳುತ್ತದೆ. ಬೆಳಕು ಹಳದಿಯಾಗುತ್ತದೆ, ಕೆಂಪಾಗುತ್ತದೆ. "ಬ್ಯಾಟ್ರಿ ಕೆಂಪಾಗ್ತಾ ಇದೆ, ಸೆಲ್ಲು ತಂದಿಡೋ" ಅಂತ ಅಜ್ಜಿ ವಾರ ಮೊದಲೇ ಮಾವನಿಗೆ ಹೇಳುತ್ತಿದ್ದರು. ರೀಚಾರ್ಜ್ ಸೆಲ್ಲು ಕೊನೆಯ ತನಕ ಒಂದೇ ಸಮನೆ ಬೆಳಗಿ ಒಮ್ಮೆಲೇ ಕೈಬಿಡುತ್ತದೆ. ಮಲ್ಟಿಮೀಟರಿನಲ್ಲಿ ಕಂಡು ನಾನು ಭೇಷ್ ಅಂದಿದ್ದ ಆ ಗಟ್ಟಿ 2.4 ವೋಲ್ಟೇ ಕೊಟ್ಟಿಗೆಯ ಮೆಟ್ಟಿಲ ಮೇಲೆ ಅಜ್ಜಿಯನ್ನು ಬೀಳಿಸಿದ್ದು. ಐವತ್ತು ವರ್ಷ ಟಾರ್ಚಿನ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದವರ ಕೈಗೆ ಆ ಗುರುತೇ ಇಲ್ಲದ ಸೆಲ್ಲು ಕೊಟ್ಟು, ಅದನ್ನು ಒಂದು ಮಾತಿನಲ್ಲೂ ಹೇಳದೆ ಬಂದಿದ್ದೆ. ಸಾಫ್ಟ್‌ವೇರಿನಲ್ಲಿ ಹೀಗೆ ಮಾಡಿದ್ದರೆ ನನ್ನ ಟೀಮಿನವರೇ ಬೈಯುತ್ತಿದ್ದರು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಾನು ಕೊಟ್ಟಿದ್ದು ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು. ವಿಷಕಾರಿ ಕ್ಯಾಡ್ಮಿಯಂ ಬದಲು ಜಲಜನಕ ಹೀರುವ ಮಿಶ್ರಲೋಹ ಬಳಸಿದ ಈ ಜಾತಿ ಮಾರುಕಟ್ಟೆಗೆ ಬಂದದ್ದು 1989ರ ಸುಮಾರಿಗೆ. ತುಂಬಿಕೊಳ್ಳುವುದರಲ್ಲಿ ಭೀಮ, ಉಳಿಸಿಕೊಳ್ಳುವುದರಲ್ಲಿ ತೂತು ಬಿದ್ದ ಕೊಡ. ಒಳಗಿನ ಎರಡು ಧ್ರುವಗಳ ನಡುವೆ ಇಡುವ ನೈಲಾನ್ ತರಹದ ಪದರ ಸ್ವಲ್ಪ ಸ್ವಲ್ಪವೇ ಒಡೆದು ಸಾರಜನಕದ ಸಂಯುಕ್ತಗಳಾಗುತ್ತಿತ್ತು. ಅವು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾ ಚಾರ್ಜನ್ನು ಸಾಗಿಸಿಬಿಡುತ್ತಿದ್ದವು. ಪದರವನ್ನು ಬದಲಾಯಿಸಿ, ಮಿಶ್ರಲೋಹವನ್ನೂ ಸುಧಾರಿಸಿ ಜಪಾನಿನ ಸ್ಯಾನ್ಯೋ ಕಂಪನಿ 2005ರ ನವೆಂಬರಿನಲ್ಲಿ ಎನೆಲೂಪ್ ಎಂಬ ಸೆಲ್ಲು ತಂದಿತು. ವರ್ಷ ಇಟ್ಟರೂ ಶೇಕಡಾ 85ರಷ್ಟು ಉಳಿಯುತ್ತದೆ ಅಂತ ಕಂಪನಿ ಹೇಳಿತು. ಆಮೇಲೆ ಬೇರೆಯವರೂ ಅಂಥದ್ದನ್ನು ಮಾಡತೊಡಗಿದರು. ಅದರ ವೋಲ್ಟೇಜು ಒಂದಿಷ್ಟೂ ಹೆಚ್ಚಾಗಲಿಲ್ಲ ನೋಡಿ, ಅದೇ 1.2. ಕಾಯುವುದನ್ನು ಕಲಿಯಿತು, ಅಷ್ಟೇ.

ಈಗ ತಂತಿ ಬಲ್ಬೂ ಹೋಗಿ ಎಲ್‌ಇಡಿ ಬಂದಿದೆ. 1993ರಲ್ಲಿ ಜಪಾನಿನ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿದ್ದು, ಅದರಿಂದ ಬಿಳಿ ಬೆಳಕು ಬಂದದ್ದು, 2014ರಲ್ಲಿ ಅವನಿಗೂ ಅಕಸಾಕಿ, ಅಮಾನೋ ಅವರಿಗೂ ನೊಬೆಲ್ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಒಂದು ಎಚ್ಚರಿಕೆ ಮಾತ್ರ. ಬಿಳಿ ಎಲ್‌ಇಡಿಗೆ ಮೂರು ವೋಲ್ಟಿನ ಆಸುಪಾಸು ಬೇಕೇ ಬೇಕು. ಮೂರು ಸಣ್ಣ ಸೆಲ್ಲಿನ ಅಗ್ಗದ ಎಲ್‌ಇಡಿ ಟಾರ್ಚಿನಲ್ಲಿ ರೀಚಾರ್ಜ್ ಸೆಲ್ಲು ಮಂಕಾಗಿ ಉರಿದರೆ, ಅಲ್ಲಿ ಮಾತ್ರ 1.2ರ ಮೇಲೆ ಅನುಮಾನ ಪಡಬಹುದು. ವೋಲ್ಟೇಜು ಏರಿಸುವ ಸರ್ಕ್ಯೂಟು ಒಳಗಿರುವ ಟಾರ್ಚಾದರೆ ಆ ತೊಂದರೆಯಿಲ್ಲ.

ದಸರಾಕ್ಕೆ ಊರಿಗೆ ಹೋಗಿ ಟಾರ್ಚನ್ನು ವಾಪಸ್ ಕೊಟ್ಟು ಬಂದೆ. ಒಳಗೆ ಈಗ ಕಾಯಬಲ್ಲ ಸೆಲ್ಲುಗಳಿವೆ. ಈ ಸಲ ಭಾಷಣ ಬಿಗಿಯಲಿಲ್ಲ. "ಇದು ಆರುವ ಮೊದಲು ಕೆಂಪಾಗಲ್ಲ ಅಜ್ಜಿ, ಹೇಳದೆ ಕೇಳದೆ ಆರುತ್ತೆ" ಅಂತ ಮೊದಲೇ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಮಾವನನ್ನು ಕರೆದು, "ಪ್ರತಿ ಅಮಾಸೆ ದಿನ ಇದನ್ನ ಚಾರ್ಜಿಗೆ ಹಾಕು, ಕರೆಂಟಿದ್ರೂ ಇಲ್ದಿದ್ರೂ ನೆನಪು ಮಾಡ್ಕ" ಅಂದರು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ಹೇಗೂ ಇದೆ! ನನ್ನ ತಲೆಗೆ ಇಂಥ ಸುಲಭದ ಉಪಾಯ ಹೊಳೆದೇ ಇರಲಿಲ್ಲ.

ಹೊರಡುವ ದಿನ ಅಜ್ಜಿಯ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಎರಡು ಮಾಮೂಲಿ ಸೆಲ್ಲು ಕಂಡೆ. ಇದ್ಯಾಕೆ ಅಂತ ಕೇಳಿದೆ. "ಇರ್ಲಿ ಬಿಡೋ, ನಿನ್ನ ಸೆಲ್ಲು ಬುದ್ಧಿವಂತ ಇರಬಹುದು, ಇದು ಪರಿಚಯದ್ದು" ಅಂದರು. ಪ್ಲಾಸ್ಟರ್ ತೆಗೆದ ಮಣಿಕಟ್ಟು ಇನ್ನೂ ಸ್ವಲ್ಪ ಸೊಟ್ಟಗೇ ಇತ್ತು. ನಾನೇ ಆ ಕವರನ್ನು ಮತ್ತೆ ಸುತ್ತಿ ಅಲ್ಲೇ ಇಟ್ಟೆ.

ಇಷ್ಟು ಓದಿದ್ದೀರಿ, ಇನ್ನೊಂದೇ ಕೆಲಸ ಮಾಡಿ. ಎದ್ದು ಹೋಗಿ ನಿಮ್ಮ ಮನೆಯ ಟಾರ್ಚನ್ನು ಒಮ್ಮೆ ಹಾಕಿ ನೋಡಿ. ಊರಲ್ಲಿ ಹಿರಿಯರಿದ್ದರೆ ಅವರಿಗೂ ಫೋನು ಮಾಡಿ ಕೇಳಿ: ಬ್ಯಾಟ್ರಿ ಹತ್ತುತ್ತಾ?